ಪರನಾಡಿನ ಋಣ

ಹೊರದೇಶಕ್ಕೆ ಓದಲು ಹೋಗಿ ಬಂದ ಮಕ್ಕಳನ್ನು ನಾವು ಕೇಳುವುದು ಯಾವಾಗಲೂ ಅವೇ ಮಾತು. ಯಾವ್ಯಾವ ಊರು ನೋಡಿದೆ, ಚಳಿ ತಡೆಯುತ್ತಿತ್ತಾ, ಊಟಕ್ಕೇನು ಮಾಡಿಕೊಂಡೆ, ಮುಂದೆ ಕೆಲಸ ಸಿಗುತ್ತದಾ. ಕೇಳಬೇಕಾದ ಮಾತು ಇನ್ನೊಂದಿದೆ: ಅಲ್ಲಿ ಯಾರ ಹಂಗಿನಲ್ಲಿ ಬದುಕಿದೆ? ಆ ಊರಿನ ಯಾರು ಇಲ್ಲದಿದ್ದರೆ ನಿನ್ನ ದಿನ ಸಾಗುತ್ತಿರಲಿಲ್ಲ? ಇದಕ್ಕೆ ಒಬ್ಬರ ಹೆಸರೂ ನೆನಪಾಗದಿದ್ದರೆ ಆ ವಿದ್ಯಾರ್ಥಿ ಪದವಿ ಪಡೆದು ಬಂದಿರಬಹುದು. ಆ ನಾಡಿನಿಂದ ಏನನ್ನಾದರೂ ಕಲಿತುಬಂದ ಎಂದು ಒಪ್ಪಲು ನನಗೆ ಕಷ್ಟ. ಅಲ್ಲಿನವರನ್ನು ಆತುಕೊಳ್ಳದೆ ಗತಿಯಿಲ್ಲ ಎನ್ನುವ ಗಳಿಗೆಗಳಲ್ಲಿ ಪರನಾಡು ಕಲಿಸುತ್ತದೆ. ಓದಿನ ಪ್ರವಾಸ ಏರ್ಪಡಿಸುವವರು ಆ ಗಳಿಗೆಗಳನ್ನೇ ಒಂದೊಂದಾಗಿ ತೆಗೆದುಹಾಕುತ್ತಿದ್ದಾರೆ ಎಂಬುದು ನನ್ನ ತಕರಾರು.

ಮೊದಲು ಹೀಗಿರಲಿಲ್ಲ. 1923ರ ಜುಲೈನಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಎಂಟು ವಿದ್ಯಾರ್ಥಿಗಳು ಹಡಗು ಹತ್ತಿ ಫ್ರಾನ್ಸಿಗೆ ಹೊರಟರು. ಪದವಿಯ ಮೂರನೆಯ ವರ್ಷವನ್ನು ಬೇರೆ ದೇಶದಲ್ಲಿ ಕಳೆಯುವ ಅಮೆರಿಕದ ಪದ್ಧತಿ ಶುರುವಾದದ್ದು ಅಲ್ಲಿಂದ. ಕರೆದೊಯ್ದ ಅಧ್ಯಾಪಕ ರೇಮಂಡ್ ಕರ್ಕ್‌ಬ್ರೈಡ್ ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು. ತಂಡ ನೇರವಾಗಿ ಪ್ಯಾರಿಸ್ಸಿಗೆ ಹೋಗಲಿಲ್ಲ. ಮೊದಲು ನ್ಯಾನ್ಸಿ ಎಂಬ ಊರಿನಲ್ಲಿ ಕೂತು ಫ್ರೆಂಚ್ ತಿದ್ದಿಕೊಂಡು, ಆಮೇಲೆ ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯದ ತರಗತಿಗಳಿಗೆ ಹೋಯಿತು. ವಾಸ ಫ್ರೆಂಚ್ ಸಂಸಾರಗಳ ಮನೆಯಲ್ಲಿ. ಭಾಷೆ ಮೊದಲು, ಮನೆ ಜೊತೆಗೆ, ತರಗತಿ ಆಮೇಲೆ. ಆ ಅನುಕ್ರಮದಲ್ಲೇ ಒಂದು ವಿವೇಕವಿದೆ. ಎರಡು ವರ್ಷದ ನಂತರ ಸ್ಮಿತ್ ಕಾಲೇಜು ತನ್ನ ಹುಡುಗಿಯರನ್ನೂ ಕಳಿಸತೊಡಗಿತು.

1949ರಲ್ಲಿ ಸ್ಮಿತ್ ತಂಡದ ಜೊತೆ ಹೋದವರಲ್ಲಿ ವಾಸರ್ ಕಾಲೇಜಿನ ಜಾಕ್ವೆಲಿನ್ ಬೂವಿಯೇ ಒಬ್ಬರು. ಮುಂದೆ ಅಧ್ಯಕ್ಷ ಕೆನೆಡಿಯವರ ಪತ್ನಿಯಾದರು. ಸಿರಿವಂತಿಕೆಯಲ್ಲಿ ಬೆಳೆದ ಹುಡುಗಿ. ಪ್ಯಾರಿಸ್ಸಿನಲ್ಲಿ ಆಕೆ ಉಳಿದ ಮನೆಯ ಯಜಮಾನಿ ನಾಜಿಗಳ ವಿರುದ್ಧದ ಗುಪ್ತ ಹೋರಾಟದಲ್ಲಿ ಸಿಕ್ಕಿಬಿದ್ದು ರಾವೆನ್ಸ್‌ಬ್ರೂಕ್ ಸೆರೆಶಿಬಿರ ಕಂಡು ಬಂದವರು. ಅವರ ಗಂಡ ಶಿಬಿರದಿಂದ ಮರಳಲಿಲ್ಲ. ಯುದ್ಧ ಮುಗಿದು ನಾಲ್ಕು ವರ್ಷವಾದರೂ ಚಳಿಗಾಲಕ್ಕೆ ಮನೆ ಬೆಚ್ಚಗಾಗುತ್ತಿರಲಿಲ್ಲ, ಎಲ್ಲರಿಗೂ ಸೇರಿ ಒಂದೇ ಬಚ್ಚಲು, ಬಿಸಿನೀರು ಅಪರೂಪ. ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ಅಮೆರಿಕದ ತರಗತಿಯಲ್ಲೂ ಓದಬಹುದಿತ್ತು. ಆದರೆ ಊಟದ ಮೇಜಿನ ಎದುರು ಕೂತವರೇ ಆ ಚರಿತ್ರೆಯಾಗಿದ್ದಾಗ, ಅವರು ಕಾಯಿಸಿದ ನೀರಿಗೆ ತಾನು ಸರದಿ ಕಾಯಬೇಕಾದಾಗ ಆಗುವ ಕಲಿಕೆ ಬೇರೆ.

ಈಗ ಅಮೆರಿಕದಿಂದ ಹೀಗೆ ಹೊರಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಂಟು ವಾರದೊಳಗೇ ಮರಳುತ್ತಾರೆ. ಇಟಲಿಯ ಫ್ಲಾರೆನ್ಸ್ ನಗರವೊಂದರಲ್ಲೇ ಹತ್ತಾರು ಅಮೆರಿಕನ್ ವಿಶ್ವವಿದ್ಯಾಲಯಗಳ ಸ್ವಂತ ಕೇಂದ್ರಗಳಿವೆ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಸಹಪಾಠಿಗಳು ತಮ್ಮ ಕಾಲೇಜಿನವರೇ, ಕೋಣೆ ಗೊತ್ತುಮಾಡುವುದು ಕಚೇರಿ, ವಾರದ ಕೊನೆಗೆ ಬಸ್ಸು. ಏನಾದರೂ ಎಡವಟ್ಟಾದರೆ ಕರೆಮಾಡಲು ಒಂದು ಸಂಖ್ಯೆ. ಈ ಏರ್ಪಾಡಿನ ಹಿಂದಿನ ಕಾಳಜಿ ಸುಳ್ಳಲ್ಲ. ಹೆತ್ತವರ ಭಯ, ವಿಮೆಯ ಷರತ್ತು, ಕಾನೂನಿನ ಹೊಣೆ ಎಲ್ಲವೂ ನಿಜ. ಆದರೂ ಇಟಲಿಯವರೊಬ್ಬರ ಸಹಾಯ ಕೇಳುವ ಪ್ರಸಂಗವೇ ಬಾರದೆ ಇಟಲಿಯಲ್ಲಿ ನಾಲ್ಕು ತಿಂಗಳು ಕಳೆಯಬಹುದಾದರೆ, ಆ ವಿದ್ಯಾರ್ಥಿ ಕೊಟ್ಟ ಶುಲ್ಕ ಯಾವುದಕ್ಕೆ?

ನಮ್ಮ ಮಕ್ಕಳ ದಾರಿ ಬೇರೆ. ಅವರನ್ನು ಯಾವ ಕಾಲೇಜೂ ಕೈಹಿಡಿದು ಕರೆದೊಯ್ಯುವುದಿಲ್ಲ. ಕರ್ನಾಟಕದಿಂದ ಜರ್ಮನಿಗೆ ಸ್ನಾತಕೋತ್ತರ ಓದಿಗೆ ಹೊರಡುವ ಎಂಜಿನಿಯರಿಂಗ್ ಪದವೀಧರರು ಸಾಲ ಮಾಡಿ, ಒಂದು ವರ್ಷದ ಖರ್ಚಿಗೆಂದು ಹನ್ನೊಂದು ಸಾವಿರ ಯೂರೋಗಳಿಗೂ ಹೆಚ್ಚು ಹಣವನ್ನು ಮುಂಚೆಯೇ ಖಾತೆಯಲ್ಲಿ ಕಟ್ಟಿಟ್ಟು ವೀಸಾ ಪಡೆಯುತ್ತಾರೆ. ಇಷ್ಟು ಕಷ್ಟಪಟ್ಟು ಹೋದವರೂ ಅಲ್ಲಿ ಇನ್ನೊಂದು ಬಗೆಯ ಗೋಡೆಯೊಳಗೆ ಇದ್ದುಬಿಡುತ್ತಾರೆ. ಕೋರ್ಸ್ ಇಂಗ್ಲಿಷಿನದು, ಆದ್ದರಿಂದ ಜರ್ಮನ್ ಎಷ್ಟು ಬೇಕೋ ಅಷ್ಟೇ ಸಾಕು. ಕೋಣೆ ಹಂಚಿಕೊಂಡವರು ಬೆಂಗಳೂರು, ಹೈದರಾಬಾದಿನವರು. ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು ಹೇಗೆ, ಭಾನುವಾರ ಅಂಗಡಿ ಮುಚ್ಚುತ್ತದಾದ್ದರಿಂದ ಶನಿವಾರವೇ ಏನು ತರಬೇಕು, ಖಾಲಿ ಬಾಟಲಿ ಮರಳಿಸಿ ಇಪ್ಪತ್ತೈದು ಸೆಂಟ್ ಪಡೆಯುವುದೆಲ್ಲಿ ಎಂಬುದನ್ನೆಲ್ಲ ವಾಟ್ಸಾಪ್ ಗುಂಪಿನ ಹಿರಿಯರೇ ಹೇಳಿಕೊಡುತ್ತಾರೆ. ಪಕ್ಕದ ಮನೆಯವರನ್ನು ಕೇಳಬೇಕಾಗಿಯೇ ಇಲ್ಲ.

ಆದರೆ ಸ್ಟುಟ್‌ಗಾರ್ಟ್ ಸುತ್ತಮುತ್ತಲ ಹಳೆಯ ಕಟ್ಟಡಗಳಲ್ಲಿ ಬಾಡಿಗೆಗಿರುವವರಿಗೆ ತಪ್ಪಿಸಿಕೊಳ್ಳಲಾಗದ ಒಂದು ಕಟ್ಟಲೆಯಿದೆ. ಅದನ್ನು ಕೇರ್‌ವೋಖೆ ಎನ್ನುತ್ತಾರೆ. ಒಂದು ವಾರ ಒಂದು ಮನೆಯವರು ಮೆಟ್ಟಿಲು, ಓಣಿ, ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ಸರದಿ ಬಂದಾಗ ಒಂದು ಚಿಕ್ಕ ಫಲಕ ನಮ್ಮ ಬಾಗಿಲಿಗೆ ಬರುತ್ತದೆ. ಕೆಲಸ ಮುಗಿಸಿ ಅದನ್ನು ಮುಂದಿನವರ ಬಾಗಿಲಿಗೆ ತೂಗುಹಾಕಬೇಕು. ಕೆಲಸ ಅರೆಬರೆ ಆದರೆ ಮೇಲಿನ ಮಹಡಿಯ ಅಜ್ಜಿ ಬಂದು ಹೇಳುತ್ತಾರೆ, ಜರ್ಮನ್‌ನಲ್ಲೇ. ಅಮ್ಮನೋ ಕೆಲಸದವರೋ ಗುಡಿಸುವುದನ್ನು ನೋಡುತ್ತಲೇ ಬೆಳೆದ, ಬಚ್ಚಲು ತಿಕ್ಕುವುದು ಇನ್ನಾರದೋ ಕೆಲಸ ಎಂದು ಯಾರೂ ಹೇಳಿಕೊಡದೆಯೇ ತಿಳಿದಿದ್ದ ನಮ್ಮ ಹುಡುಗನೊಬ್ಬ ಆ ಮೆಟ್ಟಿಲ ಮೇಲೆ ಮಂಡಿಯೂರಿ ಕೂತದ್ದನ್ನು ನಾನು ಮುಖ್ಯವಾದ ಪಾಠ ಎನ್ನುತ್ತೇನೆ. ಅಲ್ಲಿ ಅವನ ಜಾತಿಯನ್ನು ಯಾರೂ ಕೇಳಲಿಲ್ಲ, ಕಸ ಯಾರದ್ದು ಎಂದೂ ಕೇಳಲಿಲ್ಲ. ಎಲ್ಲರದ್ದು, ಈ ವಾರ ನಿನ್ನದು. ಅವನ ಎಂಜಿನಿಯರಿಂಗ್ ಪಠ್ಯದಲ್ಲಿ ಇದು ಇಲ್ಲ. ವಿಶ್ವವಿದ್ಯಾಲಯ ಇದಕ್ಕೆ ಅಂಕ ಕೊಡುವುದೂ ಇಲ್ಲ.

ಹೊಸ ನಾಡಿನಲ್ಲಿ ತಮ್ಮವರನ್ನು ಹುಡುಕಿಕೊಳ್ಳುವುದು ತಪ್ಪೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ವಾರಕ್ಕೆ ಇಷ್ಟೇ ಗಂಟೆ ದುಡಿಯಬಹುದು ಎಂಬ ಮಿತಿಯೊಳಗೆ ಬಾಡಿಗೆ, ಸಾಲದ ಕಂತು ಹೊಂದಿಸುವ ಹುಡುಗಿಗೆ ರಾತ್ರಿ ಅನ್ನ-ಸಾರು ಹಂಚಿಕೊಳ್ಳುವ ಗೆಳತಿಯರು ಬೇಕೇ ಬೇಕು. ಹೊರಗಿನವರು ಪ್ರತಿಯೊಮ್ಮೆ ಕೈಚಾಚಿ ಕರೆಯುವುದೂ ಇಲ್ಲ. ಹೆಸರು ಕೇಳಿದೊಡನೆ ಖಾಲಿಯಿದ್ದ ಕೋಣೆ ಭರ್ತಿಯಾಗಿಬಿಡುವುದು ನಮ್ಮ ಮಕ್ಕಳಿಗೆ ಗೊತ್ತು. ಅಮೆರಿಕದ ಕರಿಯರ ಹೋರಾಟಗಾರ್ತಿ ಏಂಜೆಲಾ ಡೇವಿಸ್ ವಿದ್ಯಾರ್ಥಿನಿಯಾಗಿ ಪ್ಯಾರಿಸ್ಸಿಗೆ ಹೋದಾಗ ಅಲ್ಲಿ ಅಲ್ಜೀರಿಯಾದವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ತನ್ನ ಊರಿನ ಕರಿಯರ ಪಾಡನ್ನೇ ಕಂಡರು. 1963ರ ಸೆಪ್ಟೆಂಬರ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಇಗರ್ಜಿಗೆ ಬಿಳಿಯ ವರ್ಣದ್ವೇಷಿಗಳು ಬಾಂಬಿಟ್ಟು ನಾಲ್ವರು ಹುಡುಗಿಯರು ಸತ್ತ ಸುದ್ದಿಯನ್ನು ಆಕೆ ಓದಿದ್ದು ಫ್ರಾನ್ಸಿನ ಬಿಯಾರಿಟ್ಸ್‌ನಲ್ಲಿ, ಪತ್ರಿಕೆಯಲ್ಲಿ. ಬರ್ಮಿಂಗ್‌ಹ್ಯಾಮ್ ಆಕೆ ಹುಟ್ಟಿ ಬೆಳೆದ ಊರು. ಸತ್ತ ಮಕ್ಕಳು ಮನೆಯವರಿಗೆ ಪರಿಚಿತರು. ಪರನಾಡಿನ ಬೀದಿಯಲ್ಲಿ ಕಣ್ಣು ತೆರೆದು ನಡೆದವರಿಗೆ ಸಿಗುವುದೆಲ್ಲ ಸಿಹಿಯಾಗಿರುವುದಿಲ್ಲ. ಅದನ್ನೂ ಕಲಿಕೆಯ ಲೆಕ್ಕಕ್ಕೇ ನಾನು ಸೇರಿಸುತ್ತೇನೆ.

ಅಲ್ಲಿನವರಲ್ಲಿ ಬೆರೆತರೆ ಮಕ್ಕಳು ನಮ್ಮವರಾಗಿ ಉಳಿಯುವುದಿಲ್ಲ ಎಂಬ ಹೆತ್ತವರ ಆತಂಕ ಹಳೆಯದು. ಯು.ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಗುರು ಮಾಲ್ಕಮ್ ಬ್ರಾಡ್ಬರಿಯವರೊಂದಿಗೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ಚಿತ್ರ ನೋಡಿ, ಆ ಗುಂಗಿನಲ್ಲಿ ಬರೆದದ್ದು ಮಲೆನಾಡಿನ ಅಗ್ರಹಾರವೊಂದರ ಕಥೆಯನ್ನು, ಕನ್ನಡದಲ್ಲಿ. 'ಸಂಸ್ಕಾರ' ಎಂಬ ಆ ಕಾದಂಬರಿ ಹುಟ್ಟಲು ಸ್ವೀಡನ್ನಿನ ಸಿನಿಮಾ, ಇಂಗ್ಲಿಷ್ ಗುರು, ದೂರದ ಊರು ಎಲ್ಲವೂ ಬೇಕಾದವು. ಆ ಆತಂಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣದು.

ಹಾಗಾದರೆ ಏನು ಮಾಡಬೇಕು? ಡೆಲವೇರಿನ ಕ್ರಮಕ್ಕೆ ಮರಳಬೇಕು. ಹೊರಡುವ ಮುಂಚಿನ ಒಂದು ವರ್ಷ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕದ ಹಿಂದೆ ಓಡುವ ಹೊತ್ತಿನಲ್ಲಿ ಅರ್ಧವನ್ನಾದರೂ ಹೋಗಲಿರುವ ನಾಡಿನ ಭಾಷೆಗೆ ಕೊಡಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಂಥ ಜಾಗಗಳು ಇರುವುದೇ ಇದಕ್ಕೆ. ಹೋದಮೇಲೆ ಮೊದಲ ಸೆಮಿಸ್ಟರಿನಲ್ಲಾದರೂ ಸ್ಥಳೀಯರೊಡನೆ ಮನೆ ಹಂಚಿಕೊಳ್ಳುವ ಪ್ರಯತ್ನ ಆಗಬೇಕು. ಅಲ್ಲಿನ ವಿಶ್ವವಿದ್ಯಾಲಯಗಳು ಇಂಗ್ಲಿಷ್ ಕೋರ್ಸಿನ ಹಣ ಪಡೆದು ಸುಮ್ಮನಾಗುವುದೂ ಸರಿಯಲ್ಲ. ಭಾಷೆಯ ತರಗತಿಗೆ ಅಂಕ ಇಡಲಿ, ಮನೆ ಹುಡುಕುವಾಗ ಜೊತೆ ನಿಲ್ಲಲಿ.

ಇದನ್ನೆಲ್ಲ ಅವರಿಂದ ಕೇಳುವ ನಾವು ಬಾಗಿಲು ತೆರೆಯುವವರೇ? 1913ರಲ್ಲಿ ಬರೋಡಾದ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರರಿಗೆ ನ್ಯೂಯಾರ್ಕಿನಲ್ಲಿ ಕೋಣೆ ಸಿಕ್ಕಿತು. 1917ರಲ್ಲಿ ಬರೋಡಾದ ಕೆಲಸಕ್ಕೆ ಮರಳಿದಾಗ ಆ ಊರಿನಲ್ಲಿ ಸಿಗಲಿಲ್ಲ. ಸೇರಿಕೊಂಡಿದ್ದ ಪಾರ್ಸಿ ವಸತಿಗೃಹದಿಂದಲೂ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. 2016ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬೇರೆ ಯಾರೋ ಮಾಡಿದ ಅಪಘಾತದ ಸಿಟ್ಟನ್ನು ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ತೀರಿಸಿಕೊಂಡಿತು. ಓದಲೆಂದು ನಮ್ಮ ಊರಿಗೆ ಬಂದವಳು ಆಕೆ.

ಮೈಸೂರಿನಲ್ಲಿ ಎರಡು ಬಗೆಯ ಪರದೇಶಿ ವಿದ್ಯಾರ್ಥಿಗಳು ಕಾಣುತ್ತಾರೆ. ಗೋಕುಲಂನಲ್ಲಿ ಯೋಗ ಕಲಿಯಲು ಬಂದು, ತಿಂಗಳುಗಟ್ಟಲೆ ಇದ್ದು, ಒಂದು ಕನ್ನಡ ಮಾತೂ ಇಲ್ಲದೆ ಮರಳಬಲ್ಲವರಿದ್ದಾರೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ನಡೆಸುವ ಕನ್ನಡ ತರಗತಿಗೆ ಬಂದು ತರಕಾರಿಯವರ ಹತ್ತಿರ ಚೌಕಾಸಿ ಮಾಡಲು ತಡವರಿಸುವವರೂ ಇದ್ದಾರೆ. ಮೊದಲನೆಯವರು ಹಾಗಿರಲು ಕಾರಣ ಅವರಷ್ಟೇ ಅಲ್ಲ. ಇಂಗ್ಲಿಷಿನಲ್ಲಿ ಮಾತಾಡಿ ಹೆಚ್ಚು ಬಾಡಿಗೆ ಕೇಳಿ ಅಲ್ಲಿಗೇ ಬಿಡುವ ನಾವೂ ಹೌದು. ನಮ್ಮ ವಿಶ್ವವಿದ್ಯಾಲಯಗಳು ಹೊರದೇಶದ ವಿದ್ಯಾರ್ಥಿಗಳನ್ನು ಕರೆಯುವುದಾದರೆ ಪ್ರವೇಶಪತ್ರದ ಜೊತೆಯಲ್ಲೇ ಮೂರು ತಿಂಗಳ ಕನ್ನಡ ಪಾಠವೂ ಒಂದು ಸಂಸಾರದ ವಿಳಾಸವೂ ಇರಲಿ. ಆ ವಿಳಾಸ ಕೊಡಲು ಒಪ್ಪುವ ಮನೆಗಳ ಪಟ್ಟಿಯನ್ನು, ಮೈಬಣ್ಣವನ್ನೂ ಊಟವನ್ನೂ ವಿಚಾರಿಸದ ಮನೆಗಳ ಪಟ್ಟಿಯನ್ನು, ಈ ವರ್ಷವೇ ಶುರುಮಾಡಬಹುದು.