ಪಾಲಾಗದ ಹೊನ್ನು

ಜೆ. ಕೆ. ರೌಲಿಂಗ್ ಸೃಷ್ಟಿಸಿದ ಹ್ಯಾರಿ ಪಾಟರನ ಮಾಯಾಲೋಕದಲ್ಲಿ ಗ್ಯಾಲಿಯನ್ ಎಂಬ ಹೊನ್ನಿಗೆ ಸಿಕಲ್ ಎಂಬ ಬೆಳ್ಳಿಯ ನಾಣ್ಯಗಳು 17. ಸಿಕಲ್ ಒಂದಕ್ಕೆ ಕ್ನಟ್ ಎಂಬ ಕಂಚಿನ ಬಿಲ್ಲೆಗಳು 29. ಇದನ್ನೋದಿದ ಮಕ್ಕಳು ನಗುವುದು ಸಹಜವೇ. ಆದರೆ 1957ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ವ್ಯವಹರಿಸಿದ ನಾವಾಗಲಿ, 1971ರವರೆಗೆ ಪೌಂಡಿಗೆ 20 ಷಿಲಿಂಗು, ಷಿಲಿಂಗಿಗೆ 12 ಪೆನ್ನಿ ಎಂದು ಎಣಿಸಿದ ಆಂಗ್ಲರಾಗಲಿ ನಗುವ ಮುನ್ನ ತುಸು ತಡೆಯಬೇಕು. ಹದಿನಾರನ್ನು ನಾಲ್ಕು ಬಾರಿ ಅರ್ಧಿಸಬಹುದು, ಹನ್ನೆರಡನ್ನು ಇಬ್ಬರಿಗೂ ಮೂವರಿಗೂ ನಾಲ್ವರಿಗೂ ಸಮನಾಗಿ ಹಂಚಬಹುದು. ಅರ್ಧ, ಕಾಲು, ಅರೆಕಾಲು ಎಂದು ಕೊಳ್ಳುವವರ ಸಂತೆಯಲ್ಲಿ ಹುಟ್ಟಿದ ಲೆಕ್ಕವದು. ಹದಿನೇಳೂ ಇಪ್ಪತ್ತೊಂಬತ್ತೂ ಅವಿಭಾಜ್ಯಗಳು. ಗ್ಯಾಲಿಯನ್ನಿಗೆ ಒಟ್ಟು 493 ಕ್ನಟ್ಟುಗಳಾದುದರಿಂದ, ಒಂದೇ ಒಂದು ಹೊನ್ನನ್ನು ಅಣ್ಣತಮ್ಮಂದಿರಿಬ್ಬರು ಪಾಲುಮಾಡಿಕೊಳ್ಳಹೊರಟರೆ ಕಡೆಯ ಬಿಲ್ಲೆಗಾಗಿ ಜಗಳವಾಡದೆ ಗತಿಯಿಲ್ಲ!

ಆದರೂ ಈ ನಾಣ್ಯಗಳನ್ನು ನಾನು ನಂಬುತ್ತೇನೆ. ಕಲ್ಪಿತ ಲೋಕದ ಹಣ ಸಾಚಾ ಎನಿಸುವುದು ಅದರ ಕೋಷ್ಟಕದಿಂದಲ್ಲ, ಅದು ಸಾಲದವರ ಸಂಕಟದಿಂದ. ಎಷ್ಟೋ ಅದ್ಭುತಕಥೆಗಳಲ್ಲಿ ನಾಯಕನಾದವನು ಛತ್ರದ ಮೇಜಿನ ಮೇಲೆ ಹೊನ್ನಿನ ಚೀಲವನ್ನೆಸೆದು ಚಿಲ್ಲರೆಯನ್ನೂ ಕೇಳದೆ ನಡೆದುಬಿಡುತ್ತಾನೆ. ಸಾವಿರ ವರಹ ಬಹುಮಾನವೀಯುವ ನಮ್ಮ ಕಥೆಗಳ ಅರಸರ ರಾಜ್ಯದಲ್ಲಿ ಒಂದು ಕವಳೆ ವೀಳ್ಯದೆಲೆಗೆ ಏನು ಬೆಲೆಯೆಂಬುದು ಯಾರಿಗೂ ತಿಳಿಯದು. ಕಾದಂಬರಿಕಾರ ಟೋಲ್ಕಿನ್ನರು ಹಾಗೆ ಮಾಡಲಿಲ್ಲ. 1954ರಲ್ಲಿ ಪ್ರಕಟವಾದ ಅವರ ಮಹಾಕಥೆಯ ಮೊದಲ ಸಂಪುಟದಲ್ಲಿ, ಬಡಕಲು ತಟ್ಟುವೊಂದಕ್ಕೆ ಅದರ ಯೋಗ್ಯತೆಯ ಮೂರು ಪಟ್ಟಾದರೂ ಆದ 12 ಬೆಳ್ಳಿ ಪೆನ್ನಿಗಳನ್ನು ತೆತ್ತು, ಅತಿಥಿಗಳ ಕಳೆದುಹೋದ ಕುದುರೆಗಳಿಗೆಂದು ಮತ್ತೆ 18 ಪೆನ್ನಿಗಳನ್ನು ಕೊಡಲೊಪ್ಪುವ ಛತ್ರದ ಯಜಮಾನನಿಗೆ ಆ ಮೂವತ್ತು ಬಲವಾದ ಪೆಟ್ಟೇ ಆಗುತ್ತದೆ. ಜಗತ್ತಿನ ಅಳಿವು ಉಳಿವಿನ ಕಥೆಯ ನಡುವೆ ಅವನ ಗಲ್ಲಾಪೆಟ್ಟಿಗೆಯನ್ನು ಲೇಖಕರು ಮರೆತಿಲ್ಲ.

ರೌಲಿಂಗರ ಎರಡನೆಯ ಪುಸ್ತಕದಲ್ಲಿ, ಕುಬ್ಜರು ಕಾಯುವ ನೆಲಮಾಳಿಗೆಯ ಬ್ಯಾಂಕಿನಲ್ಲಿ ಬಡ ವೀಸ್ಲಿ ಕುಟುಂಬದ ಖಜಾನೆ ತೆರೆದಾಗ ಕಾಣುವುದು ಸಿಕಲ್‌ಗಳ ಒಂದು ಸಣ್ಣ ಗುಡ್ಡೆ, ಒಂಟಿ ಗ್ಯಾಲಿಯನ್. ಮಕ್ಕಳ ಶಾಲೆಯ ಪುಸ್ತಕಗಳನ್ನು ಕೊಳ್ಳಬೇಕಾದ ಆ ಮನೆಯ ತಾಯಿ ಮೂಲೆಮೂಲೆಗಳಲ್ಲೂ ಕೈಯಾಡಿಸಿ ನೋಡಿ, ಇದ್ದಷ್ಟನ್ನೂ ಬಳಿದು ಚೀಲಕ್ಕೆ ಹಾಕಿಕೊಳ್ಳುತ್ತಾಳೆ.