ವಕೀಲನಿಲ್ಲದ ಆರೋಪಿ

ಖಾನಾಪುರದ ಕಾಡಂಚಿನ ಬಡವನೊಬ್ಬನನ್ನು ಅರಣ್ಯ ಖಾತೆಯವರು ಹಿಡಿದರೆಂದರೆ ಊರವರು ಮೊದಲು ಕೇಳುವುದು "ದಂಡ ಎಷ್ಟು?" ಎಂದು. "ವಕೀಲರು ಯಾರು?" ಎಂದು ಕೇಳುವವರು ವಿರಳ. ವಕೀಲನೆಂದರೆ ಹೊಲದ ತಂಟೆಯಿದ್ದವರಿಗೆ, ಹಣವುಳ್ಳವರಿಗೆ ಎಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ಈ ನಂಬಿಕೆಯಿಂದ ಲಾಭ ಯಾರಿಗೆ?

ಬೆಳಗಾವಿಯವರು ಹಳೆಯ ಖಟ್ಲೆಯೊಂದನ್ನು ನೆನೆಯಬೇಕು. 1916ರ ಏಪ್ರಿಲ್ ಕೊನೆಗೆ ತಿಲಕರು ಇದೇ ಊರಲ್ಲಿ ಹೋಂರೂಲ್ ಲೀಗನ್ನು ಸ್ಥಾಪಿಸಿದರು. ಮೇ 1ರಂದು ಇಲ್ಲಿಯೇ ಭಾಷಣ ಮಾಡಿದರು. ಆ ಭಾಷಣವನ್ನೂ ಅಹಮದನಗರದ ಎರಡು ಭಾಷಣಗಳನ್ನೂ ರಾಜದ್ರೋಹವೆಂದು ಬಗೆದ ಪುಣೆಯ ಮ್ಯಾಜಿಸ್ಟ್ರೇಟರು 20,000 ರೂಪಾಯಿಯ ಮುಚ್ಚಳಿಕೆ, ಅದರ ಮೇಲೆ ತಲಾ 10,000ದ ಇಬ್ಬರು ಜಾಮೀನುದಾರರನ್ನು ಕೇಳಿದರು. ಮುಂಬಯಿ ಹೈಕೋರ್ಟಿನಲ್ಲಿ ತಿಲಕರ ಪರ ನಿಂತವರು ಬ್ಯಾರಿಸ್ಟರ್ ಜಿನ್ನಾ. ಜಿನ್ನಾ ಆಗ ಮಂದಗಾಮಿ, ತಿಲಕರ ಪಂಥದವರಲ್ಲ. ಆದರೂ ನಿಂತರು. ನವೆಂಬರ್ 9ರಂದು ಆ ಆಜ್ಞೆ ರದ್ದಾಯಿತು. ಕಕ್ಷಿದಾರನ ಮತವನ್ನು ಒಪ್ಪದೆಯೂ ಅವನ ಹಕ್ಕಿಗಾಗಿ ವಾದಿಸಬಹುದೆಂಬುದಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಬೇಕೆ?

ಅದಾಗಿ ನೂರು ವರ್ಷ ಕಳೆದ ಮೇಲೆ ಹುಬ್ಬಳ್ಳಿಯಲ್ಲಿ ನಡೆದದ್ದೇನು? 2020ರ ಫೆಬ್ರುವರಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ರಾಜದ್ರೋಹದ ಆರೋಪ ಬಂದಿತು. ಅವರ ಪರ ಯಾರೂ ನಿಲ್ಲಬಾರದೆಂದು ಅಲ್ಲಿನ ವಕೀಲರ ಸಂಘ ಠರಾವು ಮಾಡಿತು. ಹುಡುಗರು ನಮ್ಮ ಹಿಂಡಲಗಾ ಜೈಲಿಗೆ ಬಂದರು. ಬೆಂಗಳೂರಿನ ವಕೀಲರು ಹೈಕೋರ್ಟಿನ ಆಜ್ಞೆಯಂತೆ ಪೋಲೀಸ್ ಕಾವಲಿನಲ್ಲಿ ಧಾರವಾಡದ ಕೋರ್ಟಿಗೆ ಹೋಗಬೇಕಾಯಿತು. ಜಾಮೀನು ದೊರೆತದ್ದು ಜೂನ್‌ನಲ್ಲಿ. ಇಂಥ ಠರಾವುಗಳು ಕಾನೂನಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಹೇಳಿತ್ತು. ಹುಬ್ಬಳ್ಳಿಯ ವಕೀಲ ಮಹಾಶಯರಿಗೆ ಇದು ತಿಳಿಯದೆಂದು ನಾನಂತೂ ನಂಬಲಾರೆ.

"ದ್ರೋಹಿಗೆ, ಕಳ್ಳನಿಗೆ ವಕೀಲನೇಕೆ?" ಎಂದು ನಮ್ಮ ಸಂಗಾತಿಗಳಲ್ಲಿಯೂ ಕೆಲವರು ಕೇಳುತ್ತಾರೆ. ಅವನು ಕಳ್ಳನೆಂದು ನಿರ್ಣಯಿಸಿದವರಾರು? ಫೌಜದಾರರೆ? ಇಂದು ಅವನನ್ನು ಹಾಗೆ ನಿರ್ಣಯಿಸಿದವರು ನಾಳೆ ಮುಷ್ಕರ ಹೂಡಿದ ಕೂಲಿಯನ್ನೂ ಹಾಗೆಯೇ ನಿರ್ಣಯಿಸುವರು. ಆರೋಪಿ ತಪ್ಪಿತಸ್ಥನೆಂದು ತನಗನಿಸಿದರೂ ವಕೀಲನು ಅವನ ಪರ ವಾದಿಸಬೇಕೆಂಬುದು ಭಾರತದ ಬಾರ್ ಕೌನ್ಸಿಲಿನ ನಿಯಮ.

ಕಾನೂನು ಬಡವನ ಕಡೆ ಇಲ್ಲವೆಂದಲ್ಲ. ಬಂಧಿತನು ತಾನು ಆರಿಸಿದ ವಕೀಲನನ್ನು ಕಾಣುವ ಹಕ್ಕು, 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ಹಕ್ಕು ಸಂವಿಧಾನದ 22ನೆಯ ವಿಧಿಯಲ್ಲಿವೆ. 1986ರಲ್ಲಿ ಸುಕದಾಸ್ ಎಂಬವನ ಖಟ್ಲೆಯಲ್ಲಿ, ಬಡ ಆರೋಪಿ ವಕೀಲನನ್ನು ಕೇಳಲಿಲ್ಲವೆಂಬುದೇ ನೆವವಾಗಬಾರದು, ಪುಕ್ಕಟೆ ವಕೀಲನು ಸಿಗುವನೆಂದು ಅವನಿಗೆ ತಿಳಿಸುವುದು ಕೋರ್ಟಿನ ಹೊಣೆ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತು ಶಿಕ್ಷೆಯನ್ನೇ ರದ್ದುಪಡಿಸಿತು. 1987ರ ಕಾಯಿದೆಯಂತೆ ಬಂಧನದಲ್ಲಿರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆಯ ಕೆಲಸಗಾರರು ಉತ್ಪನ್ನದ ದಾಖಲೆ ತೋರಿಸದೆಯೇ ಇದಕ್ಕೆ ಅರ್ಹರು.

ಆದರೆ ವಕೀಲಪತ್ರಕ್ಕೆ ಸಹಿ ಬಿದ್ದ ಮಾತ್ರಕ್ಕೆ ರಕ್ಷಣೆ ದೊರೆಯಿತೆ? ನೇಮಕವಾದ ವಕೀಲರು ಕಕ್ಷಿದಾರನ ಮುಖವನ್ನು ಕಟಕಟೆಯಲ್ಲಿಯೇ ಮೊದಲು ಕಂಡರೆ, ಅವನು ಹೇಳಬೇಕಾದದ್ದು ಯಾರ ಕಿವಿಗೆ ಬೀಳುವುದು? ಹಣವಂತನ ವಕೀಲರಾದರೋ ಠಾಣೆಗೇ ಬರುತ್ತಾರೆ. ಭಾಷೆಯ ತೊಡಕು ಬೇರೆ. ಜಾಂಬೋಟಿ, ಕಣಕುಂಬಿಯ ಕಡೆಯ ಎಷ್ಟೋ ಜನರಿಗೆ ಮರಾಠಿಯೇ ಮನೆಮಾತು. ಸಾಕ್ಷಿಯ ಮಾತು ಆರೋಪಿಗೆ ತಿಳಿಯದಿದ್ದರೆ ತೆರೆದ ಕೋರ್ಟಿನಲ್ಲಿಯೇ ಅವನ ಭಾಷೆಯಲ್ಲಿ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ. ಇದು ಗಡಿ ತಂಟೆಯ ಮಾತಲ್ಲ. ಜೈಲಿಗೆ ಹೋಗುವವನಿಗೆ ತಾನೇಕೆ ಹೋಗುತ್ತೇನೆಂದು ತಿಳಿಯಬೇಕು.

ಖಾನಾಪುರ, ನಂದಗಡದ ಠಾಣೆಗಳ ಹೊರಗೋಡೆಯ ಮೇಲೆ ಈ ಹಕ್ಕುಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದಪ್ಪಕ್ಷರದಲ್ಲಿ ಬರೆಯಿಸಬೇಕು. ಪುಕ್ಕಟೆ ನೆರವಿನ 15100 ಎಂಬ ಫೋನ್ ಸಂಖ್ಯೆಯೂ ಅಲ್ಲಿರಬೇಕು. ಅಲ್ಲಿಯವರೆಗೆ ನಮ್ಮ ಪ್ರತಿ ಶಾಖೆಯಲ್ಲಿ ಒಬ್ಬ ಕಾರ್ಯಕರ್ತನಾದರೂ ಯಾರನ್ನಾದರೂ ಹಿಡಿದ ಸುದ್ದಿ ಬಂದ ಕೂಡಲೇ ತಾಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದು, ಮರುದಿನ ಕೋರ್ಟಿನ ಬಾಗಿಲಲ್ಲಿ ನಿಂತಿರಬೇಕು.