ನಿಷೇಧವಾಯಿತು, ಅಳತೆ ಎಲ್ಲಿ?

ಮಿಥಾಕ್ಸಿ ಇಥೈಲ್ ಮರ್ಕ್ಯುರಿ ಕ್ಲೋರೈಡ್ ಪಾದರಸದ ಒಂದು ಶಿಲೀಂಧ್ರನಾಶಕ. ಎಮಿಸಾನ್, ಅಗಲಾಲ್, ಅರೆಟಾನ್ ಎಂದರೆ ಹಳೆಯ ರೈತರಿಗೆ ಗೊತ್ತಾದೀತು. 2001ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ಮಿಕ್ಕೆಲ್ಲ ಬೆಳೆಗಳಿಗೆ ನಿಷೇಧಿಸಿ, ಎರಡರ ಬೀಜೋಪಚಾರಕ್ಕೆ ಮಾತ್ರ ಉಳಿಸಿತು: ಆಲೂಗಡ್ಡೆ ಮತ್ತು ಕಬ್ಬು. ಹಾಸನ, ಅರಕಲಗೂಡು ಆಲೂಗಡ್ಡೆಯ ಸೀಮೆ. ಚನ್ನರಾಯಪಟ್ಟಣದ ಶ್ರೀನಿವಾಸಪುರದಲ್ಲಿರುವುದು ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆ. ದೇಶಕ್ಕೆ ಬೇಡವಾದ ಪಾದರಸಕ್ಕೆ ಕಾನೂನು ಬಾಗಿಲು ತೆರೆದಿಟ್ಟಿದ್ದು ನಮ್ಮ ಹೊಲಗಳ ಕಡೆಗೇ.

ಆ ಬಾಗಿಲು ಮುಚ್ಚಿದ್ದು 2018ರ ಆಗಸ್ಟ್ 8ರಂದು. ಪಾದರಸ ಕುರಿತ ಮಿನಮಾಟ ಒಪ್ಪಂದವನ್ನು ಭಾರತ ಅದೇ ವರ್ಷದ ಜೂನ್‌ನಲ್ಲಿ ಸ್ಥಿರೀಕರಿಸಿತ್ತು. ನಿಷೇಧ ಸರಿಯಾದದ್ದೇ, ತಡವಾಗಿ ಬಂತು ಅಷ್ಟೆ. ಆದರೆ ಹದಿನೇಳು ವರ್ಷ ಅನುಮತಿ ಕೊಟ್ಟವರು ಮಣ್ಣಿಗೆ ಇಳಿದದ್ದೆಷ್ಟು ಎಂಬ ಲೆಕ್ಕವನ್ನೂ ಕೊಡಬೇಕಿತ್ತು. ಮಾರಾಟ ನಿಲ್ಲಿಸಿದ ಮಾತ್ರಕ್ಕೆ ಸರ್ಕಾರದ ಹೊಣೆ ತೀರುವುದಿಲ್ಲ.

ಮಣ್ಣು ಆರೋಗ್ಯ ಚೀಟಿಯನ್ನು ನೋಡಿ. 2015ರ ಫೆಬ್ರುವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ಪರೀಕ್ಷೆಯಾಗುವುದು 12 ಅಂಶ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಪಾದರಸಕ್ಕೆ ಒಂದು ಸಾಲಿಲ್ಲ. ಬಿತ್ತನೆ ಗೆಡ್ಡೆಯನ್ನು ಪಾದರಸದ ದ್ರಾವಣಕ್ಕೆ ಅದ್ದಲು ಆಗ ಇನ್ನೂ ಕಾನೂನಿನ ಒಪ್ಪಿಗೆಯಿತ್ತು. ಒಂದು ಕೈಯಲ್ಲಿ ವಿಷಕ್ಕೆ ಪರವಾನಗಿ, ಇನ್ನೊಂದು ಕೈಯಲ್ಲಿ ಅದರ ಹೆಸರೇ ಇಲ್ಲದ ಚೀಟಿ. ಇದನ್ನು ಮರೆವು ಎಂದು ಮನ್ನಿಸಲಾಗದು.

ಹೇಳಬೇಕಾದ ಇನ್ನೊಂದು ಮಾತಿದೆ. ಈ ಶಿಲೀಂಧ್ರನಾಶಕ, ಜಪಾನಿನ ಮಿನಮಾಟದಲ್ಲಿ ದುರಂತ ತಂದ ಮೀಥೈಲ್ ಪಾದರಸದಷ್ಟು ಕ್ರೂರವಲ್ಲ. ಮಣ್ಣಿನಲ್ಲಿ ಒಡೆದು ನಿರವಯವ ಪಾದರಸವಾಗಿ, ಸಾವಯವ ಅಂಶಕ್ಕೆ ಅಂಟಿಕೊಂಡು ಕೂರುತ್ತದೆ. ಹಾಸನದ ಆಲೂಗಡ್ಡೆ ತಿನ್ನಬೇಡಿ ಎಂದು ನಾವು ಹೇಳುತ್ತಿಲ್ಲ, ಹಾಗೆ ಹೇಳಲು ಯಾರ ಬಳಿಯೂ ಆಧಾರವಿಲ್ಲ. ಆದರೆ ಪಾದರಸ ಮೂಲಧಾತು, ಕೊಳೆತು ಇಲ್ಲವಾಗುವಂಥದಲ್ಲ. ಮಳೆಗೆ ಹೊಲದ ಮೇಲ್ಮಣ್ಣು ಕೊಚ್ಚಿ ಕೆರೆಗೆ, ಹೇಮಾವತಿಗೆ, ಹೊಳೆನರಸೀಪುರದ ಗದ್ದೆ ನಾಲೆಗಳಿಗೆ ಸೇರಿದರೆ ಅದೂ ಜೊತೆಗೇ ಹೋಗುತ್ತದೆ. ಆಮ್ಲಜನಕ ಇಲ್ಲದ ಹೂಳಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸಬಲ್ಲವು. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋದಂತೆ ಅದರ ಸಾಂದ್ರತೆ ಏರುತ್ತದೆ. ಆದ್ದರಿಂದ ಹೊಲದ ಮಣ್ಣಿನ ಜೊತೆಗೆ ಕೆರೆಯ ಹೂಳು, ಗೊರೂರು ಜಲಾಶಯದ ಕೊರವನಂಥ ಬೇಟೆ ಮೀನು ಎರಡನ್ನೂ ಅಳೆಯಬೇಕು.

ಮನುಷ್ಯರ ವಿಷಯದಲ್ಲಿ ಆಗಿರುವ ನಷ್ಟವನ್ನು ತುಂಬಿಕೊಡಲಾಗದು. ಗೆಡ್ಡೆ ಕತ್ತರಿಸಿ, ಅದ್ದಿ, ಒಣಹಾಕುವುದು ಕೈಕೆಲಸ. ದೇಹ ಸೇರಿದ ನಿರವಯವ ಪಾದರಸ ತಿಳಿಯುವುದು ಮೂತ್ರ ಪರೀಕ್ಷೆಯಲ್ಲಿ, ಆದರೆ ಸುಮಾರು ಎರಡು ತಿಂಗಳಿಗೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಅಂದು ಆ ಕೆಲಸ ಮಾಡಿದ ಕೂಲಿಯವರ ಮೈಯಲ್ಲಿ ಎಷ್ಟಿತ್ತೆಂದು ಇಂದು ಯಾವ ಪ್ರಯೋಗಾಲಯವೂ ಹೇಳಲಾರದು. ಇರಾಕಿನಲ್ಲಿ 1971-72ರಲ್ಲಿ ಮೀಥೈಲ್ ಪಾದರಸ ಲೇಪಿಸಿದ ಬಿತ್ತನೆ ಗೋಧಿಯನ್ನು ರೊಟ್ಟಿ ಮಾಡಿ ತಿಂದು 6,530 ಮಂದಿ ಆಸ್ಪತ್ರೆ ಸೇರಿದರು, 459 ಮಂದಿ ಸತ್ತರು. ಅಲ್ಲಿ ವಿಜ್ಞಾನಿಗಳು ತಾಯಂದಿರ ತಲೆಗೂದಲನ್ನು ತುಂಡು ತುಂಡಾಗಿ ಪರೀಕ್ಷಿಸಿ, ಯಾವ ತಿಂಗಳು ಎಷ್ಟು ವಿಷ ಒಳಹೋಗಿತ್ತೆಂದು ಕಂಡುಕೊಂಡರು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಕೂದಲು ಆ ದಾಖಲೆಯನ್ನು ಉಳಿಸಿಕೊಂಡಿತ್ತು. ನಮ್ಮಲ್ಲಿ ಆ ಕಾಲ ಮೀರಿಹೋಗಿದೆ.

ಅಳೆಯುವುದೂ ಕಾಟಾಚಾರವಾಗಬಾರದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಪಂಚಾಯಿತಿಯ ಬಣ್ಣ ನೋಡುವ ಕಿಟ್ಟಿಗೆ ಇದು ಎಟುಕದು. ಮಾದರಿಯನ್ನು ಆಮ್ಲದಲ್ಲಿ ಕರಗಿಸಿ, ತವರದ ಕ್ಲೋರೈಡ್‌ನಿಂದ ಪಾದರಸವನ್ನು ಆವಿಯಾಗಿ ಹೊರಡಿಸಿ, ಆ ಆವಿ 253.7 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರಿತೆಂದು ನೋಡುವ ಉಪಕರಣ ಬೇಕು. ಮಾಮೂಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿದರೆ ಪಾದರಸ ಬಾಟಲಿಯ ಗೋಡೆಗೇ ಹಿಡಿದುಬಿಡುತ್ತದೆ. ಮಣ್ಣನ್ನು ಓವನ್‌ನಲ್ಲಿ ಕಾಯಿಸಿ ಒಣಗಿಸಿದರೆ ಒಂದಿಷ್ಟು ಹಾರಿಹೋಗುತ್ತದೆ. ಹೀಗೆ ಕೆಡಿಸಿದ ಮಾದರಿ ತಂದುಕೊಟ್ಟು ‘ಪತ್ತೆಯಾಗಿಲ್ಲ’ ಎಂದು ಬರೆಸಿಕೊಳ್ಳುವುದು ಸುಲಭ. ಉಪಕರಣಕ್ಕೆ ಕಾಣುವ ಕನಿಷ್ಠ ಪ್ರಮಾಣ ಎಷ್ಟು, ಪಾದರಸದ ಅಂಶ ಮೊದಲೇ ಗೊತ್ತಿರುವ ಪ್ರಮಾಣಿತ ಮಾದರಿಯನ್ನು ಜೊತೆಗೆ ಓಡಿಸಿದರೇ ಎಂಬುದನ್ನು ಹೇಳದ ವರದಿಯನ್ನು ಒಪ್ಪಿಕೊಳ್ಳಲೇಬಾರದು.

ಪಾದರಸದಿಂದ ಮಣ್ಣು ಕೆಡಿಸಿದ ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಮಣ್ಣನ್ನು ಕಿಲೋಗೆ 20 ಮಿಲಿಗ್ರಾಂ ಮಟ್ಟಕ್ಕೆ ಶುದ್ಧಿ ಮಾಡಿದರೆ ಸಾಕೆಂದಾಗ, ಅದು ಸಾಲದೆಂದು ಜನ ವರ್ಷಗಟ್ಟಲೆ ವಾದಿಸಿದರು. ವಾದಿಸಲು ಅವರ ಕೈಯಲ್ಲಿ ಅಂಕಿಗಳಿದ್ದವು.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಮುಂದಿನ ಮುಂಗಾರಿಗೆ ಮೊದಲು ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ ಈ ನಾಲ್ಕೂ ತಾಲ್ಲೂಕುಗಳಲ್ಲಿ ಹಳೆಯ ಆಲೂಗಡ್ಡೆ, ಕಬ್ಬಿನ ಹೊಲಗಳನ್ನು ಗುರುತಿಸಿ ಮಣ್ಣು ತೆಗೆಯಬೇಕು. ಈ ವಿಷ ಎಂದೂ ಬೀಳದ ಜಾಗದ ಮಣ್ಣನ್ನೂ ಹೋಲಿಕೆಗೆ ಎತ್ತಬೇಕು. ಕೆರೆ ಹೂಳನ್ನು ಹೊಲಕ್ಕೆ ಹೊಡೆಯುವ ಮುಂಚೆ ಅದರ ಪರೀಕ್ಷೆ ಆಗಬೇಕು. ವೆಚ್ಚ ಸರ್ಕಾರದ್ದು; ಇದರ ಒಂದು ರೂಪಾಯಿಯೂ ರೈತನ ಮೇಲೆ ಬೀಳಕೂಡದು. ಫಲಿತಾಂಶವನ್ನು ಪ್ರಯೋಗಾಲಯದ ಹೆಸರು, ಪರೀಕ್ಷೆಯ ವಿಧಾನ, ಮಾದರಿ ತೆಗೆದ ದಿನಾಂಕದೊಂದಿಗೆ ಕನ್ನಡದಲ್ಲಿ ಬರೆದು ಆಯಾ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಬೇಕು.